ಎಎಸಿ ಆ್ಯಪ್ ಬಳಸುವ ಮಗಳ ಪ್ರಗತಿಯನ್ನು ಮನೆಯಲ್ಲಿ ಗುರುತಿಸೋದು ಹೇಗೆ?

ಪ್ರಶ್ನೆ:
ಮಗಳಿಗೆ ಆರು ವರ್ಷ, ಆಟಿಸಂ ಇದೆ. ಬಾಯಿಂದ ಮಾತು ಬಂದಿಲ್ಲ. ಚಿತ್ರ ಒತ್ತಿದರೆ ಧ್ವನಿ ಬರುವ ಎಎಸಿ (ಮಾತಿಗೆ ಪೂರಕ ಅಥವಾ ಬದಲಿಯಾದ ಸಂವಹನ) ಆ್ಯಪ್ ಬಳಸುತ್ತಾಳೆ. ಯಾವ ಪದ ಎಷ್ಟು ಸಲ ಒತ್ತಿದ್ದು ಅಂತ ಆ್ಯಪ್ ಲೆಕ್ಕ ಕೊಡುತ್ತೆ. ಈಚೆಗೆ ಆ ಸಂಖ್ಯೆ ಇಳಿದಿದೆ. ಆದರೆ ನಿನ್ನೆ ಕಥೆ ಓದುತ್ತಿದ್ದಾಗ, ನಾನು ಏನೂ ಕೇಳದೆ ಇದ್ದರೂ, ನನ್ನ ತೋಳು ಜಗ್ಗಿ "ನಿಲ್ಲು" ಒತ್ತಿ ಹಿಂದಿನ ಪುಟಕ್ಕೆ ತಿರುಗಿಸಿದಳು. ಇದಕ್ಕೆ ಲೆಕ್ಕದಲ್ಲಿ ಎಲ್ಲಿ ಜಾಗ? ನಾನು ಏನನ್ನು ಬರೆದಿಡಲಿ?

ಉತ್ತರ (ಸ್ಪೀಚ್ ಥೆರಪಿಸ್ಟ್):
ಆ "ನಿಲ್ಲು" ಅನ್ನೋದನ್ನು ತಾರೀಕು ಹಾಕಿ ಈಗಲೇ ಬರೆದಿಡಿ. ತುಂಬಾ ದೊಡ್ಡ ಹೆಜ್ಜೆ ಅದು.

ಒತ್ತಿದ ಬೆರಳು ಯಾರದ್ದು ಅಂತ ಆ್ಯಪ್‌ಗೆ ತಿಳಿಯೋದಿಲ್ಲ. ನೀವು ಮಾಡೆಲ್ ಮಾಡಲು, ಅಂದರೆ ಅವಳಿಗೆ ಬಳಸಿ ತೋರಿಸಲು ಒತ್ತಿದ್ದೂ, ಅವಳು ಸದ್ದು ಕೇಳಲು ಒತ್ತಿದ್ದೂ ಒಂದೇ ಲೆಕ್ಕಕ್ಕೆ ಬೀಳುತ್ತವೆ. ಸುಮ್ಮನೆ ಒತ್ತಿ ನೋಡೋದು ಕಡಿಮೆಯಾದರೂ ಸಂಖ್ಯೆ ಇಳಿಯುತ್ತೆ. ಹಾಗೇ, ಐಕಾನ್‌ಗಳ ಜಾಗ ಬದಲಾಗಿದೆಯಾ ನೋಡಿ. ಬೆರಳಿಗೆ ರೂಢಿಯಾದ ದಾರಿ ತಪ್ಪಿದರೆ ಮಕ್ಕಳು ಕೆಲಕಾಲ ಹಿಂಜರಿಯುತ್ತಾರೆ.

ಬರೆಯುವಾಗ ಮುಖ್ಯವಾಗಿ ಎರಡು ವಿಷಯ ಇರಲಿ. ಮಾತು ಶುರು ಮಾಡಿದ್ದು ಯಾರು, ಎಷ್ಟು ಸಹಾಯ ಬೇಕಾಯಿತು. ತಾನಾಗಿ ಹೇಳಿದಳಾ, ನೀವು ಸುಮ್ಮನೆ ಕಾದ ಮೇಲೆ ಹೇಳಿದಳಾ, ಬೆರಳು ತೋರಿಸಬೇಕಾಯಿತಾ? ಕೈ ಹಿಡಿದು ಒತ್ತಿಸಿದ್ದನ್ನು ನಾನಂತೂ ಮಗುವಿನ ಮಾತು ಅಂತ ಎಣಿಸೋದಿಲ್ಲ. ಜೊತೆಗೆ ಯಾಕೆ ಹೇಳಿದಳು ಅನ್ನೋದನ್ನೂ ಸೇರಿಸಿ. "ಬೇಕು" ಒಂದರಲ್ಲೇ ನಿಂತಿದ್ದ ಮಗು ಬೇಡ ಅನ್ನೋಕೆ, ತೋರಿಸೋಕೆ, ಪ್ರಶ್ನೆ ಕೇಳೋಕೆ ಶುರು ಮಾಡಿದರೆ, ಪದಗಳ ಸಂಖ್ಯೆ ಏರದಿದ್ದರೂ ಅದು ಪ್ರಗತಿಯೇ.

ಮಗು ಹೇಗೆ, ಯಾಕೆ ಸಂವಹನ ಮಾಡುತ್ತೆ ಅಂತ ಗುರುತಿಸೋಕೆ ಚಾರಿಟಿ ರೋಲೆಂಡ್ ರೂಪಿಸಿದ ಕಮ್ಯುನಿಕೇಷನ್ ಮ್ಯಾಟ್ರಿಕ್ಸ್ ಅನ್ನೋ ಮೌಲ್ಯಮಾಪನ ನೋಡಿ. ಅದರಲ್ಲಿ 7 ಹಂತಗಳಿವೆ. ನಿರಾಕರಿಸೋದು, ಬೇಕಾದ್ದು ಪಡೆಯೋದು, ಬೆರೆಯೋದು, ಮಾಹಿತಿ ಕೊಡೋದು ಕೇಳೋದು ಅಂತ 4 ಉದ್ದೇಶಗಳಡಿ ನೋಡುತ್ತಾರೆ. ತೋಳು ಜಗ್ಗಿದ್ದಕ್ಕೂ ಅಲ್ಲಿ ಜಾಗ ಇದೆ.

ಉತ್ತರ (ಒಬ್ಬ ಅಪ್ಪ):
ದಿನವಿಡೀ ಬರೆಯೋಕೆ ಹೋಗಬೇಡಿ, ಸುಸ್ತಾಗುತ್ತೆ. ನಾವು ಸ್ನಾನದ ಹೊತ್ತೊಂದನ್ನೇ ಗಮನಿಸುತ್ತೇವೆ. ತಿಂಗಳಿಗೊಮ್ಮೆ ಅದೇ ಆಟ ಆಡಿಸಿ ಚಿಕ್ಕ ವಿಡಿಯೊ ಮಾಡುತ್ತೇವೆ. ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ನನಗೆ ಕಂಡಿದ್ದು, ಮಗ ಈಗ ಒತ್ತಿದ ಮೇಲೆ ನನ್ನ ಮುಖ ನೋಡಿ ಉತ್ತರಕ್ಕೆ ಕಾಯುತ್ತಾನೆ.

ಪ್ರಶ್ನೆ ಕೇಳಿದವರು:
ಶಾಲೆಯ ಗುರಿಪಟ್ಟಿಯಲ್ಲಿ "ಹೇಳಿದ ಚಿತ್ರವನ್ನು 10ರಲ್ಲಿ 8 ಸಲ ಸರಿಯಾಗಿ ಒತ್ತುವುದು" ಅಂತಿದೆ. ಅದು ಸಾಕಾ?

ಉತ್ತರ (ಸ್ಪೀಚ್ ಥೆರಪಿಸ್ಟ್):
ಸಾಲದು. ಅದು ಪರೀಕ್ಷೆಯಾಯಿತು, ಮಾತುಕತೆ ಆಗಲಿಲ್ಲ. "ಆಟದ ಹೊತ್ತಿನಲ್ಲಿ, ಯಾರೂ ಕೇಳದೆ, ಕನಿಷ್ಠ ಎರಡು ಬೇರೆ ಉದ್ದೇಶಗಳಿಗೆ, ಇಬ್ಬರ ಜೊತೆ ಸಂವಹನ ಮಾಡುವುದು, ಆ್ಯಪ್, ಸನ್ನೆ ಯಾವುದಾದರೂ ಸರಿ" ಅಂತ ಬದಲಿಸೋಕೆ ಕೇಳಿ. ಮುಂದಿನ ಸಭೆಗೆ "ನಿಲ್ಲು" ಬರೆದ ಆ ಪುಟವನ್ನೂ ತೆಗೆದುಕೊಂಡು ಹೋಗಿ.