ಹೋರಾಟದಲ್ಲಿ ನಟನಟಿಯರು: ಹಳೆಯ ದೃಶ್ಯಗಳ ಬಳಕೆ ಕುರಿತು ಅನುಭವ ಹಂಚಿಕೆ

ಕೋರಿಕೆ (ಕಾಲೇಜು ಉಪನ್ಯಾಸಕಿ, ಶಿವಮೊಗ್ಗ):
ತುರ್ತು ಪರಿಸ್ಥಿತಿಯಿಂದ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿಯವರೆಗೆ ಕರ್ನಾಟಕದ ನಟನಟಿಯರು ಹೋರಾಟಗಳಲ್ಲಿ ಹೇಗೆ ತೊಡಗಿಕೊಂಡರು ಎಂಬುದರ ಬಗ್ಗೆ ವಿದ್ಯಾರ್ಥಿಗಳೊಂದಿಗೆ 40 ನಿಮಿಷಗಳ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ತುರ್ತು ಪರಿಸ್ಥಿತಿಯಲ್ಲಿ ನಟಿ ಸ್ನೇಹಲತಾ ರೆಡ್ಡಿಯವರ ಸೆರೆವಾಸ ಮತ್ತು 1982ರಲ್ಲಿ ಡಾ. ರಾಜ್‌ಕುಮಾರ್ ವಹಿಸಿದ ನೇತೃತ್ವ ಇದರ ಮುಖ್ಯ ಭಾಗಗಳು. ಮೊದಲನೆಯದಕ್ಕೆ ನಮಗೆ ಯಾವ ದೃಶ್ಯವೂ ಸಿಕ್ಕಿಲ್ಲ. ಎರಡನೆಯದಕ್ಕೆ ಸಿಕ್ಕಿರುವ ಹನ್ನೊಂದು ತುಣುಕುಗಳ ಮೂಲ ಗೊತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಸಂಕಲನಕಾರರು, ಬೆಂಗಳೂರು:
ಮೇಡಂ, ಮೂಲ ಗೊತ್ತಿಲ್ಲದ ತುಣುಕನ್ನು ಮೊದಲು ಶಬ್ದವಿಲ್ಲದೆ, ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿ. ಕೆಲವು ವರ್ಷಗಳ ಹಿಂದೆ ಖಾಸಗಿ ಸಂಗ್ರಹವೊಂದರಿಂದ ನಮ್ಮ ಕೈಗೆ ಬಂದ ವಿಎಚ್ಎಸ್ ಕ್ಯಾಸೆಟ್ಟಿನ ಮೇಲೆ ‘ಗೋಕಾಕ್ ಚಳವಳಿ, 1982’ ಎಂಬ ಚೀಟಿ ಅಂಟಿಸಿತ್ತು. ತೆರೆದ ವಾಹನ, ಹಳದಿ-ಕೆಂಪು ಬಾವುಟಗಳು, ಕಣ್ಣು ಹಾಯುವಷ್ಟು ದೂರ ಜನ, ಎಲ್ಲವೂ ಆ ಚೀಟಿಗೆ ಹೊಂದುವಂತೆಯೇ ಇದ್ದವು. ಆದರೆ ಮೆರವಣಿಗೆ ಒಂದು ತಿರುವಿನಲ್ಲಿ ಹೊರಳುವಾಗ, ಎರಡು ಸೆಕೆಂಡಿಗೂ ಕಡಿಮೆ ಹೊತ್ತು, ಹಿಂದಿನ ಗೋಡೆಯ ಮೇಲೆ ‘ಕವಿರತ್ನ ಕಾಳಿದಾಸ’ದ ನೂರನೇ ದಿನದ ಭಿತ್ತಿಪತ್ರ ಕಾಣಿಸಿತು. ಆ ಚಿತ್ರ ತೆರೆ ಕಂಡದ್ದು 1983ರಲ್ಲಿ. ಚೀಟಿ ಅಂಟಿಸಿದವರು ಮೋಸ ಮಾಡಿರಲಿಲ್ಲ, ನೆನಪಿನಿಂದ ಬರೆದಿದ್ದರು ಅಷ್ಟೆ. ಅಷ್ಟರಲ್ಲಿ ನಾವು ಆ ದೃಶ್ಯದ ಮೇಲೆ ನಿರೂಪಣೆಯನ್ನೂ ಕೂರಿಸಿ ಮುಗಿಸಿದ್ದೆವು, ಎಲ್ಲವನ್ನೂ ತೆಗೆದುಹಾಕಬೇಕಾಯಿತು.

ಇನ್ನೊಂದು ಮಾತು. ವಿ.ಕೃ. ಗೋಕಾಕ್ ಸಮಿತಿ ವರದಿ ಕೊಟ್ಟದ್ದು 1981ರ ಜನವರಿಯಲ್ಲಿ. ರಾಜ್‌ಕುಮಾರ್ ಅವರು ಬರುವ ಮೊದಲೇ ಧಾರವಾಡದ ಸಾಹಿತಿಗಳು ಅದರ ಜಾರಿಗಾಗಿ ಬೀದಿಗಿಳಿದಿದ್ದರು. ಕ್ಯಾಮೆರಾಗಳು ಹೆಚ್ಚಾಗಿ ತಾರೆ ಬಂದ ಮೇಲೆ ಬರುವುದರಿಂದ, ದೊರೆತ ದೃಶ್ಯಗಳನ್ನಷ್ಟೇ ಜೋಡಿಸಿದರೆ ಚಳವಳಿ ಅಲ್ಲಿಂದಲೇ ಆರಂಭವಾಯಿತೆಂದು ಇಂದಿನ ವಿದ್ಯಾರ್ಥಿಗಳು ನಂಬಿಬಿಡುತ್ತಾರೆ. ಮೊದಲ ಹಂತಕ್ಕೆ ಆ ಕಾಲದ ಪತ್ರಿಕೆಗಳ ಪುಟಗಳನ್ನು ಬಳಸಿ, ಚಲನಚಿತ್ರವಿಲ್ಲದ ಆ ಭಾಗಕ್ಕೂ ಸಾಕಷ್ಟು ಸಮಯ ಕೊಡಿ.

ಸ್ನೇಹಲತಾ ಅವರ ಭಾಗದ ಬಗ್ಗೆ ನನಗೆ ಹೆಚ್ಚು ಕಾಳಜಿಯಿದೆ. ತುರ್ತು ಪರಿಸ್ಥಿತಿಯ ಕಾಲದ ಸರ್ಕಾರಿ ಸುದ್ದಿಚಿತ್ರಗಳಲ್ಲಿ ಇಪ್ಪತ್ತು ಅಂಶಗಳ ಕಾರ್ಯಕ್ರಮ ಸಿಗುತ್ತದೆಯೇ ಹೊರತು ಸೆರೆಮನೆಯ ಒಳಗು ಸಿಗುವುದಿಲ್ಲ. ಹಾಗಾಗಿ ‘ಸಂಸ್ಕಾರ’ ಚಿತ್ರದಿಂದ ಅವರು ಅಭಿನಯಿಸಿದ ಚಂದ್ರಿಯ ಮುಖವನ್ನು ತಂದು, ಅದರ ಮೇಲೆ ಜೈಲಿನ ಕಥೆ ಹೇಳುವ ಆಸೆ ಯಾರಿಗಾದರೂ ಹುಟ್ಟುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. 1970ರ ಆ ಚಿತ್ರದಲ್ಲಿ ಕಾಣುವ ನೋವು ಒಬ್ಬ ಸಮರ್ಥ ನಟಿ ಕಟ್ಟಿದ ಪಾತ್ರದ ನೋವು. 1976ರಲ್ಲಿ ಬಂಧನಕ್ಕೊಳಗಾಗಿ, ಆಸ್ತಮಾದಿಂದ ಬಳಲುತ್ತ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಕಳೆದು, 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದು ಐದೇ ದಿನಗಳಲ್ಲಿ ತೀರಿಕೊಂಡವರ ನೋವು ಬೇರೆ. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟರೆ ಅವರ ಅಭಿನಯಕ್ಕೂ ಅವರ ಬದುಕಿಗೂ ಅನ್ಯಾಯವಾಗುತ್ತದೆ. ಚಂದ್ರಿಯನ್ನು ತೋರಿಸುವುದಾದರೆ ಚಿತ್ರದ ಹೆಸರು, ವರ್ಷ ಪರದೆಯ ಮೇಲೆ ಇರಲಿ. ಹಳೆಯ ಜೈಲಿನ ಜಾಗ ಈಗ ಫ್ರೀಡಂ ಪಾರ್ಕ್ ಆಗಿದೆ. ಅದನ್ನು ಇಂದಿನ ಬೆಳಕಿನಲ್ಲೇ ಚಿತ್ರೀಕರಿಸಿ, ಇಂದಿನದೆಂದೇ ಹೇಳಿ, ಅವರು ಸೆರೆಯಲ್ಲಿ ಬರೆದಿಟ್ಟ ದಿನಚರಿಯ ಸಾಲುಗಳನ್ನು ಅದರ ಮೇಲೆ ಓದಿಸಿ.

ನಿವೃತ್ತ ರಂಗಕರ್ಮಿ, ಮೈಸೂರು:
ಮೇಲಿನ ಮಾತಿಗೆ ನನ್ನ ಸಹಮತವಿದೆ. ಇವೆರಡರ ನಡುವಿನ ಬೀದಿನಾಟಕವನ್ನು ಮಾತ್ರ ಬಿಡಬೇಡಿ, ತಾಯಿ. 1975ರಲ್ಲಿ ಹುಟ್ಟಿದ ‘ಸಮುದಾಯ’ ಸಂಘಟನೆ, ರಂಗನಿರ್ದೇಶಕ ಸಿಜಿಕೆಯವರ (ಸಿ.ಜಿ. ಕೃಷ್ಣಸ್ವಾಮಿ) ‘ಬೆಲ್ಚಿ’ಯಂಥ ನಾಟಕಗಳು ನಟನೆಯನ್ನೇ ಹೋರಾಟವಾಗಿಸಿದವು. ಅಂಥ ಪ್ರದರ್ಶನಗಳನ್ನು ಚಿತ್ರೀಕರಿಸುವ ಅನುಕೂಲ ಆಗ ನಮ್ಮಲ್ಲಿ ಇರಲಿಲ್ಲ. ಉಳಿದಿರುವುದು ಫೋಟೊಗಳು, ಕರಪತ್ರಗಳು ಮತ್ತು ಮನುಷ್ಯರು. ಫೋಟೊವನ್ನು ಹಿರಿಯರ ಕೈಗೆ ಕೊಡುವ ಮುನ್ನವೇ ರೆಕಾರ್ಡಿಂಗ್ ಶುರು ಮಾಡಿ. ನನ್ನ ಗೆಳೆಯರೊಬ್ಬರು ಮಸುಕಾದ ಚಿತ್ರವೊಂದನ್ನು ಹತ್ತು ನಿಮಿಷ ಸುಮ್ಮನೆ ನೋಡುತ್ತಾ ಕುಳಿತಿದ್ದು, ಕೊನೆಗೆ ಮೂಲೆಯಲ್ಲಿದ್ದ ತಮಟೆಯ ಮೇಲೆ ಬೆರಳಿಟ್ಟು, “ಇದು ನನ್ನದು, ಅಂಚು ಹರಿದಾಗ ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸಿದ್ದೆ” ಎಂದರು. ಆ ಹೊಲಿಗೆಯಿಂದ ಊರು, ಊರಿನಿಂದ ನಾಟಕ, ನಾಟಕದಿಂದ ಉಳಿದ ನಾಲ್ವರ ಹೆಸರು ಹೊರಬಂದವು. ಪ್ರಶ್ನೆ ಕೇಳಿದ್ದರೆ ಅವರು ಬಹುಶಃ ನೆನಪಿಲ್ಲ ಎನ್ನುತ್ತಿದ್ದರು. ನಮ್ಮಂಥವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ; ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡಿ.

ದೃಶ್ಯ ಸಂಗ್ರಹಾಲಯದ ತಂತ್ರಜ್ಞರು, ಪುಣೆ (ಮೂಲತಃ ಹುಬ್ಬಳ್ಳಿಯವನು):
ತಾಂತ್ರಿಕ ಸಂಗತಿಗಳಷ್ಟನ್ನು ಸೇರಿಸುತ್ತೇನೆ. ಹಳೆಯ ಯು-ಮ್ಯಾಟಿಕ್ ಅಥವಾ ವಿಎಚ್ಎಸ್ ಟೇಪು ಸಿಕ್ಕರೆ ‘ಒಮ್ಮೆ ನೋಡೋಣ’ ಎಂದು ಪ್ಲೇಯರಿಗೆ ಹಾಕಬೇಡಿ. ಬೂಸ್ಟು ಹಿಡಿದ ಅಥವಾ ಅಂಟಂಟಾದ ಟೇಪಿಗೆ ಆ ಒಂದು ಓಟವೇ ಕೊನೆಯದಾಗಬಹುದು. ಫಿಲ್ಮ್ ಡಬ್ಬಿ ತೆರೆದಾಗ ವಿನಿಗರ್ ವಾಸನೆ ಬಂದರೆ ಫಿಲ್ಮಿನ ಆಧಾರ ಪದರವಾದ ಅಸಿಟೇಟ್ ಕೊಳೆಯತೊಡಗಿದೆ ಎಂದರ್ಥ. ಅದನ್ನು ಉಳಿದ ಡಬ್ಬಿಗಳಿಂದ ದೂರವಿಟ್ಟು ಬೇಗನೆ ಸ್ಕ್ಯಾನ್ ಮಾಡಿಸಿ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 25 ಫ್ರೇಮಿನ ವಿಡಿಯೊಗೆ ನೇರವಾಗಿ ಇಳಿಸಿದ್ದರೆ ವೇಗ ಶೇ. 4ರಷ್ಟು ಹೆಚ್ಚಿ ಭಾಷಣಕಾರರ ದನಿ ತುಸು ತೆಳುವಾಗಿ ಕೇಳುತ್ತದೆ, ಅದನ್ನು ಸರಿಪಡಿಸಬಹುದು. ಮೂಕವಾಗಿ ಚಿತ್ರೀಕರಿಸಿದ ದೃಶ್ಯಕ್ಕೆ ಬೇರೆಲ್ಲಿಯದೋ ಘೋಷಣೆಗಳನ್ನು ಸೇರಿಸಿದ್ದರೆ ಅದನ್ನೂ ನೋಡುಗರಿಗೆ ತಿಳಿಸಬೇಕು.

ಹಕ್ಕುಸ್ವಾಮ್ಯದ ವಿಷಯ: ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ ‘ಸಂಸ್ಕಾರ’ದ ಹಕ್ಕು 2030ರ ಕೊನೆಯವರೆಗೂ ಇರುತ್ತದೆ, ಲಿಖಿತ ಅನುಮತಿ ಪಡೆಯುವುದು ಕ್ಷೇಮ. ಸರ್ಕಾರಿ ಸುದ್ದಿಚಿತ್ರಗಳನ್ನು ತಯಾರಿಸುತ್ತಿದ್ದ ಫಿಲ್ಮ್ಸ್ ಡಿವಿಷನ್ ಮತ್ತು ಪುಣೆಯ ಫಿಲ್ಮ್ ಆರ್ಕೈವ್ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿಯ ಅಡಿಯಲ್ಲಿವೆ, ಪತ್ರವನ್ನು ಅಲ್ಲಿಗೇ ಬರೆಯಿರಿ. ಪತ್ರದಲ್ಲಿ ‘ಚಳವಳಿಯ ದೃಶ್ಯ ಬೇಕು’ ಎಂದು ಕೇಳುವ ಬದಲು ದಿನಾಂಕ, ಊರು, ವ್ಯಕ್ತಿಯ ಹೆಸರು ಹೇಳಿದರೆ ಹುಡುಕುವವರಿಗೆ ಸುಲಭ.

ಕೋರಿಕೆ ಇಟ್ಟ ಉಪನ್ಯಾಸಕಿ:
ಎಲ್ಲರಿಗೂ ಕೃತಜ್ಞತೆಗಳು. ಚಂದ್ರಿಯ ದೃಶ್ಯವನ್ನು ನಾವು ಜೈಲಿನ ಭಾಗದಲ್ಲಿಯೇ ಇಟ್ಟಿದ್ದೆವು. ಇಂದು ಬೆಳಿಗ್ಗೆ ತೆಗೆದೆವು. ಹನ್ನೊಂದು ತುಣುಕುಗಳನ್ನು ವಿದ್ಯಾರ್ಥಿಗಳು ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಮೂರರಲ್ಲಿ ಗೋಡೆಬರಹಗಳೂ ಒಂದರಲ್ಲಿ ಧಾರವಾಡದ ನಾಮಫಲಕವಿರುವ ಬಸ್ಸೂ ಕಂಡವು. ಆ ಬಸ್ಸಿನ ಮುಂದೆ ಕೈಯಲ್ಲಿ ಫಲಕ ಹಿಡಿದು ನಿಂತಿರುವ ಹೆಂಗಸರ ಫ್ರೇಮನ್ನು ಮುದ್ರಿಸಿಕೊಂಡು ಮುಂದಿನ ವಾರ ಧಾರವಾಡಕ್ಕೆ ಹೊರಟಿದ್ದೇವೆ.