ತವಸಳಿ ಮೇಲೆ ಕೆಂಪಗೆ, ನಡುವೆ ಹಸಿ: ಓವನ್ ಸಮಸ್ಯೆಯಾ, ಹಿಟ್ಟಿನ ಸಮಸ್ಯೆಯಾ?

ಕೋಡಿಬಾಗ್_ಮನೆ
ಎಲ್ಲರಿಗೂ ನಮಸ್ಕಾರ. ತವಸಳಿ, ಅಂದರೆ ಮೊಗೆಕಾಯಿ (ಬಣ್ಣದ ಸೌತೆಕಾಯಿ) ತುರಿ, ಅಕ್ಕಿ ರವೆ, ಬೆಲ್ಲ ಹಾಕಿ ಮಾಡುವ ಕೇಕಿನಂಥ ತಿಂಡಿ, ಮಾಡಿ ಮಾಡಿ ಸಾಕಾಗಿದೆ. ಮೇಲೆ ಚೆನ್ನಾಗಿ ಕೆಂಪಾಗುತ್ತದೆ, ಅಂಚು ಬಿಡುತ್ತದೆ, ಮನೆ ತುಂಬ ಏಲಕ್ಕಿ ಪರಿಮಳ. ಕತ್ತರಿಸಿದರೆ ನಡುವೆ ಅಂಟಂಟು. ಚಾಕುವಿಗೆ ಹತ್ತಿಕೊಂಡು ಬರುತ್ತದೆ. ಇನ್ನೂ ಹತ್ತು ನಿಮಿಷ ಬಿಟ್ಟರೆ ಮೇಲೆ ಕಪ್ಪಾಗುತ್ತದೆ, ಒಳಗೆ ಮಾತ್ರ ಹಾಗೆಯೇ ಇರುತ್ತದೆ. ಚೌತಿಗೆ ನಾದಿನಿಯರು ಮಕ್ಕಳನ್ನು ಕಟ್ಟಿಕೊಂಡು ಬರುವವರಿದ್ದಾರೆ. ಪಕ್ಕದ ಮನೆಗಳಿಗೂ ಕೊಡಬೇಕು. ಓವನ್ 180 ಡಿಗ್ರಿ, 45 ನಿಮಿಷ. ಅಳತೆ ಎಲ್ಲ ಸರಿಯಾಗಿದೆ. ಏನಾಗುತ್ತಿದೆ ಅಂತ ಯಾರಾದರೂ ಹೇಳಿ, ತುಂಬ ಬೇಜಾರಾಗಿದೆ.

ಹೊನ್ನಾವರ_ವೈರಿಂಗ್
ಇದು ವೋಲ್ಟೇಜ್. ನೂರಕ್ಕೆ ನೂರು. ಮಳೆಗಾಲದಲ್ಲಿ ನಮ್ಮ ಕಡೆ ಸಂಜೆ ಹೊತ್ತು ಕರೆಂಟು ಎಷ್ಟು ಇಳಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ರಾಡಿನ ಶಾಖ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ ನಿಮ್ಮ ಓವನ್ ಸುಮಾರು 61 ಶೇಕಡಾ ಶಕ್ತಿಯಲ್ಲಿ ಮಾತ್ರ ಓಡುತ್ತದೆ. ಎಷ್ಟು ಹೊತ್ತಿಗೆ ಮಾಡುತ್ತೀರಿ? ಮಲ್ಟಿಮೀಟರ್ ಇದೆಯಾ?

ಅಂಕೋಲಾ_ಅಕ್ಕ
ಮೊದಲು ಅಳತೆ ಬರೆಯಿರಿ ತಂಗಿ. "ಸರಿಯಾಗಿದೆ" ಅಂದರೆ ನಮಗೆ ಏನು ತಿಳಿಯಬೇಕು? ಮೊಗೆಕಾಯಿ ಎಳೆಯದಾ, ಬಲಿತದ್ದಾ? ಬೀಜದ ಮೆತ್ತನೆ ತಿರುಳು ತೆಗೆದಿರಾ? ರವೆ ಹುರಿದಿರಾ?

ಕೋಡಿಬಾಗ್_ಮನೆ
ಅಕ್ಕಿ ರವೆ 2 ಬಟ್ಟಲು, ಹುರಿದಿದ್ದೇನೆ. ಮೊಗೆಕಾಯಿ ತುರಿ 4 ಬಟ್ಟಲು, ಬಲಿತದ್ದು, ತಿರುಳು ತೆಗೆದಿದ್ದೇನೆ. ಬೆಲ್ಲ 2 ಬಟ್ಟಲು. ಕಾಯಿತುರಿ 1 ಬಟ್ಟಲು. ಗೇರುಬೀಜ, ಏಲಕ್ಕಿ, ಚಿಟಿಕೆ ಉಪ್ಪು. ಸೋಡಾ ಅರ್ಧ ಚಮಚ. ಮಾಡುವುದು ಸಂಜೆ ಏಳರ ಮೇಲೆ, ಆಫೀಸಿನಿಂದ ಬಂದ ಮೇಲೆ. ಮಲ್ಟಿಮೀಟರ್ ಇಲ್ಲ.

ಹೊನ್ನಾವರ_ವೈರಿಂಗ್
ಸಂಜೆ ಏಳು! ಹೇಳಿದೆನಲ್ಲ. ಅದೇ ಹೊತ್ತಿಗೆ ಎಲ್ಲರ ಮನೆಯಲ್ಲೂ ಪಂಪು, ಗೀಸರ್, ಟೀವಿ. ಸ್ಟೆಬಿಲೈಜರ್ ಹಾಕಿಸಿ. ನಾನು ಅಡುಗೆಮನೆಗೆ ಅಂತಲೇ 4 ಕೆವಿಎದು ಹಾಕಿಸಿದ್ದೇನೆ. 16 ಆಂಪಿಯರಿನ ಬೇರೆಯೇ ಸಾಕೆಟ್, ಬೇರೆಯೇ ಎಂಸಿಬಿ. ಓವನ್ ಓಡುವಾಗ ಫ್ರಿಜ್ ಚಾಲೂ ಆದರೂ ದೀಪ ಮಿಣುಕುವುದಿಲ್ಲ.

ಕುಮಟಾ_ಬೇಕಿಂಗ್
ಸೋಡಾ ಅರ್ಧ ಚಮಚ ಜಾಸ್ತಿಯಾಯಿತು. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಗುಣ ಇರುತ್ತದೆ, ಸೋಡಾ ಅದರ ಜೊತೆ ಸೇರಿ ಉಬ್ಬುತ್ತದೆ. ಅಲ್ಲಿಯವರೆಗೆ ಸರಿ. ಮಿಕ್ಕ ಸೋಡಾ ಹಿಟ್ಟಿನಲ್ಲೇ ಕ್ಷಾರವಾಗಿ ಉಳಿಯುತ್ತದೆ. ಕ್ಷಾರ ಇದ್ದರೆ ಮೇಲ್ಭಾಗ ಬೇಗ ಕೆಂಪಾಗುತ್ತದೆ. ಅದನ್ನು ನೋಡಿ ಬೆಂದಿತು ಅಂತ ನೀವು ತೆಗೆಯುತ್ತೀರಿ, ಒಳಗೆ ಇನ್ನೂ ಬೆಂದಿರುವುದಿಲ್ಲ. ಕಾಲು ಚಮಚಕ್ಕೆ ಇಳಿಸಿ, ಸಾಲದಿದ್ದರೆ ಬೇಕಿಂಗ್ ಪೌಡರ್ ಹಾಕಿ.

ಅಂಕೋಲಾ_ಅಕ್ಕ
ತವಸಳಿಗೆ ಸೋಡಾ ಯಾಕೆ? ನಮ್ಮ ಅಜ್ಜಿ ಹಾಕಲಿಲ್ಲ, ಅಮ್ಮ ಹಾಕಲಿಲ್ಲ. ಅದು ಅಕ್ಕಿ ರವೆಯ ತಿಂಡಿ. ಒತ್ತಾಗಿ, ತೇವವಾಗಿ ಇರಬೇಕು. ಹಗುರ ಬೇಕಿದ್ದರೆ ಬೇಕರಿ ಕೇಕು ಇದೆಯಲ್ಲ.

ಕುಮಟಾ_ಬೇಕಿಂಗ್
ಅಕ್ಕ, ಈಗಿನ ಮಕ್ಕಳಿಗೆ ಒತ್ತಾಗಿದ್ದರೆ ಇಷ್ಟವಾಗುವುದಿಲ್ಲ. ಕಾಲಕ್ಕೆ ತಕ್ಕ ಹಾಗೆ ಸ್ವಲ್ಪ ಬದಲಾಯಿಸಿದರೆ ಏನು ತಪ್ಪು?

ಅಂಕೋಲಾ_ಅಕ್ಕ
ಮಕ್ಕಳಿಗೆ ನಾವು ಕೊಟ್ಟದ್ದೇ ಅಭ್ಯಾಸವಾಗುವುದು. ನನ್ನ ಮೊಮ್ಮಕ್ಕಳು ಸೋಡಾ ಇಲ್ಲದ್ದನ್ನೇ ಕೇಳಿ ತಿನ್ನುತ್ತಾರೆ. ಸೋಡಾ ಹಾಕಿದರೆ ಮೊಗೆಕಾಯಿಯ ಪರಿಮಳ ಹೋಗಿ ಸೋಪಿನ ವಾಸನೆ ಬರುತ್ತದೆ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಸದಾಶಿವಗಡ_ಕೆಂಡ
ಓವನ್ ಬಿಡಿ. ತವಸಳಿಗೆ ಮೇಲೆ ಕೆಂಡ, ಕೆಳಗೆ ಕೆಂಡ. ನನ್ನ ಹತ್ತಿರ ಅಮ್ಮನ ಕಾಲದ ತಾಮ್ರದ ಪಾತ್ರೆ ಇದೆ, ಕಲಾಯಿ ಹಾಕಿಸಿದ್ದು. ಒಳಗೆ ಬಾಳೆಎಲೆ ಹಾಸಿ ಹಿಟ್ಟು ಸುರಿಯುತ್ತೇನೆ. ಮುಚ್ಚಳಕ್ಕೆ ಅಂಚು ಇದೆ, ಅದರ ಮೇಲೆ ಗರಟೆ ಕೆಂಡ ನಿಲ್ಲುತ್ತದೆ. ಹಿತ್ತಿಲಿನಲ್ಲಿ ಮೂರು ಕಲ್ಲಿನ ಒಲೆ, ಮೇಲೆ ತಗಡಿನ ಮಾಡು ಹಾಕಿಸಿದ್ದೇನೆ, ಮಳೆ ಬಂದರೂ ತೊಂದರೆ ಇಲ್ಲ. ಗರಟೆ ಕೆಂಡ ನಿಧಾನವಾಗಿ ಆರುತ್ತದೆ. ಶುರುವಿಗೆ ಜೋರು, ಆಮೇಲೆ ತಾನಾಗಿ ಮೆತ್ತಗೆ. ತವಸಳಿಗೆ ಬೇಕಾದ್ದು ಅದೇ.

ಕೋಡಿಬಾಗ್_ಮನೆ
ಅಣ್ಣಾ, ನಾನಿರುವುದು ಫ್ಲ್ಯಾಟಿನಲ್ಲಿ, ಎರಡನೇ ಮಹಡಿ. ಕೆಂಡಕ್ಕೆ ಜಾಗವೇ ಇಲ್ಲ. ಓವನ್ ಒಂದೇ ದಾರಿ. ಕುಮಟಾದವರೇ, ಸೋಡಾ ಕಾಲು ಚಮಚ ಮಾಡಿ ನೋಡಿದೆ. ಮೇಲಿನ ಬಣ್ಣ ಸ್ವಲ್ಪ ತಿಳಿಯಾಯಿತು, ನಡುವೆ ಮಾತ್ರ ಅದೇ ಅಂಟು.

ಹೊನ್ನಾವರ_ವೈರಿಂಗ್
ಅದಕ್ಕೇ ವೋಲ್ಟೇಜ್ ನೋಡಿ ಅಂದದ್ದು.

ಸಿದ್ದಾಪುರ_ಮಾಣಿ
ವೋಲ್ಟೇಜ್ ಬಗ್ಗೆ ಒಂದು ಮಾತು. ಓವನ್ ಮೇಲಿನ ಕೆಂಪು ದೀಪ ಆಗಾಗ ಆರಿ ಮತ್ತೆ ಹೊತ್ತುತ್ತಾ? ಆರುತ್ತದೆ ಅಂದರೆ ಥರ್ಮೋಸ್ಟಾಟ್ ಹೇಳಿದಷ್ಟು ಬಿಸಿಯಾಗಿ ಕಟ್ ಆಗುತ್ತಿದೆ ಅಂತ ಅರ್ಥ. ಆಗ ವೋಲ್ಟೇಜ್ ಕಡಿಮೆ ಇದ್ದರೂ ಬಿಸಿಯಾಗಲು ಸ್ವಲ್ಪ ತಡವಾಗುತ್ತದೆ, ಅಷ್ಟೇ. ಒಳಗಿನ ಬಿಸಿ 180ಕ್ಕೆ ಬಂದೇ ಬರುತ್ತದೆ. ಮೇಲೆ ಕೆಂಪಾಗುತ್ತಿದೆ ಅಂದಮೇಲೆ ಶಾಖದ ಕೊರತೆ ಇರುವ ಹಾಗೆ ಕಾಣುವುದಿಲ್ಲ.

ಮತ್ತೆ ಪಾತ್ರೆ ಯಾವುದು? ಹಿಟ್ಟು ಎಷ್ಟು ಎತ್ತರ ನಿಲ್ಲುತ್ತದೆ?

ಕೋಡಿಬಾಗ್_ಮನೆ
ದೀಪ ಆರಿ ಆರಿ ಹೊತ್ತುತ್ತದೆ. ಪಾತ್ರೆ ಮಾಮೂಲಿ ಗುಂಡನೆಯ ಕೇಕ್ ಟಿನ್. ಹಿಟ್ಟು ಸುಮಾರು ಮೂರು ಇಂಚು.

ಸಿದ್ದಾಪುರ_ಮಾಣಿ
ಮೂರು ಇಂಚು ಜಾಸ್ತಿ. ಇಂಥ ಒತ್ತು ಹಿಟ್ಟಿನಲ್ಲಿ ಶಾಖ ನಿಧಾನವಾಗಿ ನಡುವಿಗೆ ಹೋಗುತ್ತದೆ. ದಪ್ಪ ಎರಡು ಪಟ್ಟಾದರೆ ಬೇಯುವ ಹೊತ್ತು ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಒಂದೂವರೆ ಇಂಚಿಗೆ 45 ನಿಮಿಷ ಸಾಕು, ಮೂರು ಇಂಚಿಗೆ ಖಂಡಿತ ಸಾಲದು. ಅಗಲ ತಟ್ಟೆಯಲ್ಲಿ ಮಾಡಿ.

ಇನ್ನೊಂದು. ಬೆಲ್ಲ 2 ಬಟ್ಟಲು ಅಂದಿರಲ್ಲ, ಯಾವ ಬೆಲ್ಲ?

ಕೋಡಿಬಾಗ್_ಮನೆ
ಬೆಲ್ಲ ಅಂದರೆ ಬೆಲ್ಲ. ತವರಿನಿಂದ ಬಂದದ್ದು, ಶಿರಸಿ ಕಡೆಯದು. ಡಬ್ಬಿಯಿಂದ ಸೌಟಿನಲ್ಲಿ ತೆಗೆದು ಹಾಕುತ್ತೇನೆ.

ಸಿದ್ದಾಪುರ_ಮಾಣಿ
ಸೌಟಿನಲ್ಲಾ? ಹಾಗಾದರೆ ಅದು ಜೋನಿ ಬೆಲ್ಲ ಅಕ್ಕ, ಗಟ್ಟಿಯಾಗದ ನೀರು ಬೆಲ್ಲ!

ಕರಾವಳಿಯಲ್ಲಿ ತವಸಳಿಯ ಅಳತೆ ಹೇಳುವವರು ಸಾಮಾನ್ಯವಾಗಿ ಅಚ್ಚು ಬೆಲ್ಲವನ್ನು ಪುಡಿಮಾಡಿ ಅಳೆಯುತ್ತಾರೆ. ಜೋನಿ ಬೆಲ್ಲ ಪೂರ್ತಿ ಬೇರೆ ಲೆಕ್ಕ. 240 ಮಿಲಿಯ ಒಂದು ಬಟ್ಟಲಿಗೆ ಸುಮಾರು 320 ಗ್ರಾಂ ತೂಗುತ್ತದೆ. ಕಾಲುಭಾಗ ನೀರು ಅಂತ ಹಿಡಿದರೂ 80 ಗ್ರಾಂ ನೀರಾಯಿತು. ಎರಡು ಬಟ್ಟಲಿಗೆ 160. ಪಾಕ ಎಳೆಯದಾಗಿದ್ದರೆ ಇನ್ನೂ ಜಾಸ್ತಿ. ಮೊಗೆಕಾಯಿಯಲ್ಲಿ ಮೊದಲೇ 95 ಶೇಕಡಾದಷ್ಟು ನೀರು.

ಅಷ್ಟೇ ಅಲ್ಲ. ಸಿಹಿ ಹೆಚ್ಚಿದಷ್ಟೂ ಅಕ್ಕಿ ರವೆ ಬೇಯಲು ಹೆಚ್ಚು ಬಿಸಿ ಬೇಕು. ಸಕ್ಕರೆ ಅಂಶ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರವೆಗೆ ಬಿಡುವುದಿಲ್ಲ. ಜೋನಿ ಬೆಲ್ಲ ಗಟ್ಟಿಯಾಗದೆ ಉಳಿಯುವುದೇ ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಜಾಸ್ತಿ ಇರುವುದರಿಂದ. ಅವು ತೇವ ಹಿಡಿಯುತ್ತವೆ, ಬೇಗ ಕೆಂಪಾಗುತ್ತವೆ. ಮೇಲೆ ಕೆಂಪು, ಒಳಗೆ ಅಂಟು. ನಿಮ್ಮ ತವಸಳಿ ಹೇಳುವುದು ಇದನ್ನೇ.

ಕುಮಟಾ_ಬೇಕಿಂಗ್
ಜೋನಿ ಬೆಲ್ಲದಲ್ಲಿ ಹುಳಿ ಇನ್ನೂ ಜಾಸ್ತಿ ಇರಬಹುದು. ಸೋಡಾ ಲೆಕ್ಕವನ್ನೂ ಬದಲಿಸಬೇಕು.

ಅಂಕೋಲಾ_ಅಕ್ಕ
ಸೋಡಾ ಬೇಡ ಅಂದೆನಲ್ಲ. ಮಾಣಿ ಹೇಳಿದ್ದು ಸರಿ ಇದೆ. ನಾನೂ ಒಂದು ಸೇರಿಸುತ್ತೇನೆ. ಬಿಸಿ ಇರುವಾಗ ಕತ್ತರಿಸಬೇಡಿ. ಅಕ್ಕಿಯ ತಿಂಡಿ ಆರಿದ ಮೇಲೆಯೇ ಗಟ್ಟಿಯಾಗುವುದು. ನಾವು ರಾತ್ರಿ ಮಾಡಿ ಬೆಳಿಗ್ಗೆ ಕತ್ತರಿಸುತ್ತೇವೆ. ಬಿಸಿಬಿಸಿ ಕತ್ತರಿಸಿದರೆ ಸರಿಯಾಗಿ ಬೆಂದದ್ದೂ ಹಸಿಯ ಹಾಗೆಯೇ ಕಾಣುತ್ತದೆ.

ಕೋಡಿಬಾಗ್_ಮನೆ
ನಮ್ಮನೆಯಲ್ಲಿ ಬೆಳಿಗ್ಗೆವರೆಗೆ ಯಾರೂ ಬಿಡುವುದಿಲ್ಲ ಅಕ್ಕ. ಓವನ್‌ನಿಂದ ತೆಗೆದ ಕೂಡಲೇ ಮಕ್ಕಳು ತಟ್ಟೆ ಹಿಡಿದು ನಿಲ್ಲುತ್ತಾರೆ. ಆದರೆ ಜೋನಿ ಬೆಲ್ಲ ಬಿಡಲು ಮನಸ್ಸಿಲ್ಲ. ಅಪ್ಪ ಆಲೆಮನೆಗೆ ಹೋಗಿ ಎದುರಲ್ಲೇ ನಿಂತು ತಂದದ್ದು. ಆ ಪರಿಮಳ ಅಚ್ಚು ಬೆಲ್ಲಕ್ಕೆ ಬರುವುದಿಲ್ಲ. ಅದನ್ನೇ ಹಾಕಿ ಮಾಡಲು ದಾರಿ ಇಲ್ವಾ?

ಯಲ್ಲಾಪುರ_ತೊಡೆದೇವು
ಜೋನಿ ಬೆಲ್ಲದ ಮಾತು ಬಂತು ಅಂತ ಕೇಳುತ್ತಿದ್ದೇನೆ. ತೊಡೆದೇವು (ಬಿಸಿ ಗಡಿಗೆಯ ಮೇಲೆ ಹಿಟ್ಟು ಎಳೆದು ಮಾಡುವ ತೆಳ್ಳನೆಯ ಸಿಹಿ ತಿಂಡಿ) ಗಡಿಗೆಯಿಂದ ಏಳುತ್ತಿಲ್ಲ, ತುಂಡು ತುಂಡಾಗುತ್ತದೆ. ಹೊಸ ಗಡಿಗೆ. ಬೆಲ್ಲ ಜಾಸ್ತಿ ಆಯಿತಾ?

ಸಿದ್ದಾಪುರ_ಮಾಣಿ
ಯಲ್ಲಾಪುರದವರೇ, ಅದನ್ನು ಬೇರೆ ಚರ್ಚೆಯಾಗಿ ಹಾಕಿ, ಅಲ್ಲಿ ಬರೆಯುತ್ತೇನೆ. ಸದ್ಯಕ್ಕೆ: ಹೊಸ ಗಡಿಗೆಯನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸಿ. ಬೋರಲು ಹಾಕಿದ ಗಡಿಗೆಯ ಕೆಳಗೆ ಬೆಂಕಿ ಒಂದೇ ಸಮ ಇರಲಿ. ಬಟ್ಟೆಯಲ್ಲಿ ಹಿಟ್ಟು ಅದ್ದಿ ಒಂದೇ ಎಳೆತಕ್ಕೆ ಎಳೆಯಿರಿ.

ಕೋಡಿಬಾಗ್ ಅಕ್ಕ, ದಾರಿ ಇದೆ. ಜೋನಿ ಬೆಲ್ಲ ಒಂದೂವರೆ ಬಟ್ಟಲಿಗೆ ಇಳಿಸಿ. ದಪ್ಪ ತಳದ ಪಾತ್ರೆಯಲ್ಲಿ ಬೆಲ್ಲ, ಮೊಗೆಕಾಯಿ ತುರಿ, ಕಾಯಿತುರಿ ಒಟ್ಟಿಗೆ ಕುದಿಸಿ. ತುರಿಯ ಹಸಿ ವಾಸನೆ ಹೋಗಿ ರಸ ಅರ್ಧದಷ್ಟು ಇಂಗಲಿ. ಉರಿ ಸಣ್ಣ ಮಾಡಿ, ಹುರಿದ ರವೆ ಸ್ವಲ್ಪ ಸ್ವಲ್ಪ ಹಾಕುತ್ತ ಮಗುಚಿ. ಉಪ್ಪಿಟ್ಟಿಗಿಂತ ಸ್ವಲ್ಪ ಸಡಿಲ ಇದ್ದಾಗ ಇಳಿಸಿ ಮುಚ್ಚಿಡಿ. ರವೆ ಅಲ್ಲೇ ಅರ್ಧ ಬೇಯುತ್ತದೆ. ಅರ್ಧ ಗಂಟೆ ಬಿಟ್ಟು ತುಪ್ಪ ಸವರಿದ ತಟ್ಟೆಗೆ ಒಂದೂವರೆ ಇಂಚು ಎತ್ತರಕ್ಕೆ ಹರಡಿ ಓವನ್‌ಗೆ ಇಡಿ. 170 ಡಿಗ್ರಿ, ನಡುವಿನ ಹಂತದಲ್ಲಿ, ಎರಡೂ ರಾಡು. ಅಡುಗೆ ಥರ್ಮಾಮೀಟರ್ ಇದ್ದರೆ ನಡುವಿಗೆ ಚುಚ್ಚಿ, 95 ಡಿಗ್ರಿ ದಾಟಿದರೆ ಬೆಂದಿದೆ.

ಸದಾಶಿವಗಡ_ಕೆಂಡ
ಮೊದಲೇ ಒಲೆಯ ಮೇಲೆ ಬೇಯಿಸಿದರೆ ಅದು ಹಲ್ವಾ ಆಗುತ್ತದೆ. ಹಸಿ ಹಿಟ್ಟನ್ನೇ ಕೆಂಡಕ್ಕೆ ಇಟ್ಟರೆ ತಳದಲ್ಲಿ ಬರುವ ಕಪ್ಪು ಪದರ ಇದೆಯಲ್ಲ, ಅದರ ರುಚಿ ಇದರಲ್ಲಿ ಎಲ್ಲಿ? ಚೌತಿಗೆ ಕಾಳಿ ನದಿಯ ಸೇತುವೆ ದಾಟಿ ಇತ್ತ ಬನ್ನಿ, ಮಾಡಿ ತೋರಿಸುತ್ತೇನೆ.

ಅಂಕೋಲಾ_ಅಕ್ಕ
ಮೊಗೆಕಾಯಿಯನ್ನು ಬೆಲ್ಲದಲ್ಲಿ ಕುದಿಸುವುದು ನಮ್ಮಲ್ಲೂ ಇದೆ. ಹಲ್ವಾ ಏನೂ ಆಗುವುದಿಲ್ಲ. ರವೆ ದಪ್ಪ ಇರಬೇಕು, ಇಡ್ಲಿ ರವೆ ಸಾಕು. ನುಣ್ಣಗಿದ್ದರೆ ಮಾತ್ರ ಹಲ್ವಾ.

ಕೋಡಿಬಾಗ್_ಮನೆ
ಮಾಡಿದೆ. ಜೋನಿ ಬೆಲ್ಲ ಒಂದೂವರೆ ಬಟ್ಟಲು, ಕುದಿಸಿ, ಅಗಲ ತಟ್ಟೆಯಲ್ಲಿ. ಸೋಡಾ ಹಾಕಲಿಲ್ಲ. ಬೆಳಿಗ್ಗೆವರೆಗೆ ಬಟ್ಟೆ ಮುಚ್ಚಿಟ್ಟೆ. ತುಂಡು ಚೊಕ್ಕವಾಗಿ ಬಂತು! ನಡುವೆಯೂ ಬೆಂದಿದೆ, ಚಾಕು ಸ್ವಚ್ಛ. ಅತ್ತೆ ಬಾಯಿಗೆ ಹಾಕಿಕೊಂಡು "ಇದು ನಮ್ಮ ತವಸಳಿ" ಅಂದರು. ನನಗೆ ಎಷ್ಟು ಖುಷಿಯಾಯಿತು ಅಂದರೆ ಕೂಡಲೇ ಬರೆಯಲು ಕೂತೆ. ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಂದೇ ಒಂದು ಸಮಸ್ಯೆ ಉಳಿದಿದೆ. ಮೇಲೆ ಅಲ್ಲಲ್ಲಿ ಬಿರುಕು ಬಿಟ್ಟಿದೆ.

ಕುಮಟಾ_ಬೇಕಿಂಗ್
ಅಭಿನಂದನೆ. ಆದರೆ ಪಾತ್ರೆ, ಬೆಲ್ಲ, ಸೋಡಾ, ಆರಿಸುವುದು ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದೀರಿ. ಯಾವುದರಿಂದ ಸರಿಯಾಯಿತು ಅಂತ ಈಗ ಹೇಗೆ ಹೇಳುವುದು? ಇದೇ ವಿಧಾನದಲ್ಲಿ ಕಾಲು ಚಮಚ ಸೋಡಾ ಹಾಕಿ ಒಮ್ಮೆ ನೋಡಿ.

ಹೊನ್ನಾವರ_ವೈರಿಂಗ್
ಎಷ್ಟು ಹೊತ್ತಿಗೆ ಮಾಡಿದ್ದು?

ಕೋಡಿಬಾಗ್_ಮನೆ
ರಾತ್ರಿ ಹತ್ತರ ಮೇಲೆ. ಕುದಿಸಿ ಆರಿಸುವಷ್ಟರಲ್ಲಿ ಅಷ್ಟು ಹೊತ್ತಾಯಿತು.

ಹೊನ್ನಾವರ_ವೈರಿಂಗ್
ಹತ್ತರ ಮೇಲೆ ಲೋಡ್ ಇಳಿದು ವೋಲ್ಟೇಜ್ ಏರುತ್ತದೆ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಿದ್ದಾಪುರ_ಮಾಣಿ
ದೀಪ ಆರಿ ಹೊತ್ತುತ್ತಿತ್ತು ಅಂತ ಅವರೇ ಬರೆದಿದ್ದಾರಲ್ಲ ಸಾರ್. ಸಂಜೆಯೂ ಓವನ್ 180 ಮುಟ್ಟುತ್ತಿತ್ತು.

ಹೊನ್ನಾವರ_ವೈರಿಂಗ್
ಮುಟ್ಟುವುದು ಬೇರೆ, ಬಾಗಿಲು ತೆಗೆದು ಪಾತ್ರೆ ಇಟ್ಟ ಮೇಲೆ ಬೇಗ ಮತ್ತೆ ಏರುವುದು ಬೇರೆ. ಅಳೆಯದೆ ನಾನು ಒಪ್ಪುವುದಿಲ್ಲ.

ಅಂಕೋಲಾ_ಅಕ್ಕ
ಬಿರುಕಿಗೆ: ಹಿಟ್ಟಿನ ಮೇಲೆ ಬಾಡಿಸಿದ ಬಾಳೆಎಲೆ ಮುಚ್ಚಿ ಇಡಿ. ಅರಿಶಿನ ಎಲೆ ಸಿಕ್ಕರೆ ಇನ್ನೂ ಒಳ್ಳೆಯದು, ಈಗ ಹಿತ್ತಿಲಿನಲ್ಲಿ ಬೇಕಾದಷ್ಟು ಇರುತ್ತದೆ. ಅರ್ಧ ಗಂಟೆಯ ಮೇಲೆ ಎಲೆ ತೆಗೆಯಿರಿ, ಕೊನೆಯ ಹದಿನೈದು ನಿಮಿಷದಲ್ಲಿ ಕೆಂಪಾಗಲಿ. ತೆಗೆದ ಮೇಲೆ ಬಿಸಿ ಇರುವಾಗಲೇ ಒಂದು ಚಮಚ ತುಪ್ಪ ಸವರಿ.

ಭಟ್ಕಳ_ಹೊಸಬಳು
ನಮ್ಮಲ್ಲಿ ಓವನ್ ಇಲ್ಲ, ಕುಕ್ಕರ್ ಇದೆ. ಆಗುತ್ತಾ?

ಅಂಕೋಲಾ_ಅಕ್ಕ
ಆಗುತ್ತದೆ. ಇಡ್ಲಿ ಪಾತ್ರೆಯಲ್ಲಿ ಬೇಯಿಸಿದ ಹಾಗೆ ಹಬೆಯಲ್ಲಿ ಬೇಯಿಸಿ, ಕುಕ್ಕರಿಗೆ ಸೀಟಿ ಹಾಕಬೇಡಿ, 35-40 ನಿಮಿಷ. ಮೇಲೊಂದು ತಟ್ಟೆ ಮುಚ್ಚಿ, ಹಬೆಯ ನೀರು ಹಿಟ್ಟಿಗೆ ಬೀಳಬಾರದು. ಕೆಂಪು ಪದರ ಬರುವುದಿಲ್ಲ. ಅದು ಬೇಕಿದ್ದರೆ ಆರಿದ ತುಂಡುಗಳನ್ನು ಕಾವಲಿಯ ಮೇಲೆ ತುಪ್ಪ ಹಾಕಿ ಎರಡೂ ಕಡೆ ಕಾಯಿಸಿ. ನೀವು ಯಾವ ಬೆಲ್ಲ ಹಾಕುತ್ತೀರಿ, ಮೊದಲು ಅದನ್ನು ಹೇಳಿ.

ಭಟ್ಕಳ_ಹೊಸಬಳು
ಅಚ್ಚು ಬೆಲ್ಲ, ಪುಡಿ ಮಾಡಿದ್ದು.

ಅಂಕೋಲಾ_ಅಕ್ಕ
ಹಾಗಾದರೆ ರವೆ ಎರಡಕ್ಕೆ ಬೆಲ್ಲ ಒಂದೂವರೆ ಹಾಕಿ. ತುರಿದ ಮೊಗೆಕಾಯಿಯ ರಸ ಹಿಂಡಿ ಚೆಲ್ಲಬೇಡಿ, ರವೆ ಅದರಲ್ಲೇ ನೆನೆಯಬೇಕು.