ಸಹಾಯ ಬೇಕು: ಘಾಟಿ ಹತ್ತುವಾಗ ಮಾತ್ರ ಇಂಜಿನ್ ಹೀಟ್ ಆಗ್ತಿದೆ

ಪೆಟ್ರೋಲ್ ಕಾರು. ಊರೊಳಗಿನ ಟ್ರಾಫಿಕ್‌ನಲ್ಲಿ ಏನೂ ತೊಂದರೆ ಇಲ್ಲ. ಚಾರ್ಮಾಡಿ ಹತ್ತುವಾಗ ಮಾತ್ರ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ರ ಹೋಗುತ್ತೆ. ಎಸಿ ಆಫ್ ಮಾಡಿ ಹೀಟರ್ ಫುಲ್ ಇಟ್ರೆ ಸ್ವಲ್ಪ ಇಳಿಯುತ್ತೆ.

ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಎರಡೂ ಹೊಸದು. ಫ್ಯಾನ್ ತಿರುಗ್ತಿದೆ. ಕೂಲಂಟ್ (ಇಂಜಿನ್ ತಣ್ಣಗಿಡೋ ದ್ರವ) ನೀರಿನ ಜೊತೆ 50:50, ಒಳಗೆ ಸಿಕ್ಕಿಕೊಂಡ ಗಾಳಿ (ಏರ್ ಲಾಕ್) ತೆಗೆದಾಗಿದೆ. ಹೊರಗೆ ಎಲ್ಲೂ ಲೀಕ್ ಕಾಣಲ್ಲ, ಆದ್ರೂ ರಿಸರ್ವ್ ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳೀತಿದೆ. ಆಯಿಲ್ ಕ್ಯಾಪ್ ಕೆಳಗೆ ಬಿಳಿ ನೊರೆ ಇಲ್ಲ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆನೂ ಇಲ್ಲ.

(ಬಿಸಿ ಇದ್ದಾಗಲೇ ಕ್ಯಾಪ್ ತೆಗೆದು ತಣ್ಣೀರು ಹಾಕಿ ಅನ್ನೋ ಸಲಹೆ ದಯವಿಟ್ಟು ಬೇಡ. ಒತ್ತಡ ಇಳಿದ ಕೂಡಲೇ ಒಳಗಿನ ನೀರು ಕುದ್ದು ಮುಖಕ್ಕೆ ಚಿಮ್ಮುತ್ತೆ, ತಣ್ಣೀರಿಗೆ ಇಂಜಿನ್ ಮೇಲ್ಭಾಗದ ಹೆಡ್ಡೇ ಬಿರುಕು ಬಿಡಬಹುದು. ಇಂಜಿನ್ ಪೂರ್ತಿ ತಣ್ಣಗಾಗೋವರೆಗೂ ಮುಟ್ಟೋದೇ ಇಲ್ಲ.)

ಒಬ್ಬ ಮೆಕ್ಯಾನಿಕ್ ರೇಡಿಯೇಟರ್ ಒಳಗೆ ಅರ್ಧ ಕಟ್ಟಿದೆ ಅಂತಾರೆ, ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಇಂಜಿನ್ ಬ್ಲಾಕ್‌ಗೂ ನಡುವಿನ ಸೀಲ್) ಹೋಗಿದೆ ಅಂತಾರೆ. ಕಟ್ಟಿದ್ರೆ ಕೂಲಂಟ್ ಯಾಕೆ ಕಮ್ಮಿ ಆಗ್ಬೇಕು? ಗ್ಯಾಸ್ಕೆಟ್ ಹೋಗಿದ್ರೆ ಊರೊಳಗೆ ಯಾಕೆ ಸುಮ್ನಿರುತ್ತೆ? ಇಲ್ಲೇ ತಲೆ ಓಡ್ತಿಲ್ಲ.

ಕೂಲಂಟ್‌ನಲ್ಲಿ ಹೊಗೆ ಗ್ಯಾಸ್ ಸೇರಿದ್ಯಾ ಅಂತ ನೋಡೋ ನೀಲಿ ದ್ರಾವಣದ ಟೆಸ್ಟ್ ಐಡ್ಲಿಂಗ್‌ನಲ್ಲಿ ಮಾಡ್ಸಿದಾಗ ಬಣ್ಣ ಹಳದಿಗೆ ತಿರುಗ್ಲಿಲ್ಲ. ಲೋಡ್ ಬಿದ್ದಾಗ ಮಾತ್ರ ಬಿಟ್ಕೊಳ್ಳೋ ಗ್ಯಾಸ್ಕೆಟ್ ಆದ್ರೆ ಈ ಟೆಸ್ಟ್‌ನಲ್ಲಿ ತಪ್ಪಿಸ್ಕೊಳ್ಳುತ್ತಾ? ಹೆಡ್ ಬಿಚ್ಚೋಕೆ ಮೊದಲು ಯಾವ ಟೆಸ್ಟ್ ಮಾಡಿಸ್ಬೇಕು?